ಯೂನಿವರ್ಸಲ್ ರೆಡಿಮಿಕ್ಸಾ, ಕಾನ್ಸಂಟ್ರೇಟಾ? ಎರಡೂ ಹಾಕಿ ನೋಡಿದ್ಮೇಲೆ ನನ್ನ ಕೂಲೆಂಟ್ ಲೆಕ್ಕ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಕಾನ್ಸಂಟ್ರೇಟ್‌ಗೆ. ಕೂಲೆಂಟ್ ಅಂದ್ರೆ ಎಂಜಿನ್ ತಣ್ಣಗಿಡೋಕೆ ರೇಡಿಯೇಟರ್‌ಗೆ ಹಾಕೋ ದ್ರವ; ನೀರು ಬೆರೆಸಿಯೇ ಬರೋದು ರೆಡಿಮಿಕ್ಸ್, ನಾವೇ ನೀರು ಬೆರೆಸ್ಬೇಕಾದ್ದು ಕಾನ್ಸಂಟ್ರೇಟ್. ಕಾರಿನ ಮ್ಯಾನ್ಯುಯಲ್‌ನಲ್ಲಿ ಹೇಳಿರೋ ಟೈಪಿನ ಕಾನ್ಸಂಟ್ರೇಟ್, ಜೊತೆಗೆ ಡಿಸ್ಟಿಲ್ಡ್ ವಾಟರ್, ಅಷ್ಟೇ. "ಎಲ್ಲಾ ಕಾರಿಗೂ ಆಗುತ್ತೆ, ಹಾಗೇ ಸುರೀರಿ" ಅಂತ ಬರೆದಿರೋ ಯೂನಿವರ್ಸಲ್ ರೆಡಿಮಿಕ್ಸ್ ನಾನು ಇನ್ಮೇಲೆ ಕೊಳ್ಳಲ್ಲ. ಅದು ಕೆಟ್ಟ ಮಾಲು ಅಂತಲ್ಲ, ನಾನು ಮಾಡೋ ಕೆಲಸಕ್ಕೆ ಅದು ಹೊಂದಲ್ಲ.

ನನ್ನದು ಜಪಾನಿ ಕಂಪನಿಯ ಪೆಟ್ರೋಲ್ ಕಾರು, ಹೀಟರ್ ಪೈಪು ಎಲ್ಲಾ ಸೇರಿ 5 ಲೀಟರ್ ಕೂಲೆಂಟ್ ಹಿಡಿಯುತ್ತೆ. ಮುಂಚೆ ಇದ್ದಿದ್ದು ಹಳೇ ಕಾಲದ ಹಸಿರು ಕೂಲೆಂಟ್, ಆಮೇಲೆ ಯೂನಿವರ್ಸಲ್ ರೆಡಿಮಿಕ್ಸ್, ಈಗ ಫಾಸ್ಫೇಟ್ ಇರೋ ಲಾಂಗ್ ಲೈಫ್ ಕಾನ್ಸಂಟ್ರೇಟ್.

ಹಸಿರಿನ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಹಾಕಿದ ತಕ್ಷಣ ಲೋಹಕ್ಕೆ ಪದರ ಕಟ್ಟುತ್ತೆ, ಆದ್ರೆ ಅದರ ಕೆಮಿಕಲ್ ಬೇಗ ಖರ್ಚಾಗೋದ್ರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ತಾ ಇರ್ಬೇಕು. ಹಿತ್ತಾಳೆ ರೇಡಿಯೇಟರ್ ಇರೋ ಹಳೇ ಗಾಡಿ ಇದ್ರೆ ಅದೇ ಸರಿ, ನನಗೆ ಆ ಗೋಳು ಬೇಡ.

ಬಣ್ಣ ನೋಡಿ ಕೊಳ್ಳೋರಿಗೆ ಒಂದು ಮಾತು. ಬಣ್ಣ ಬರೀ ಡೈ, ಯಾವ ಬಣ್ಣ ಅಂದ್ರೆ ಯಾವ ಕೆಮಿಕಲ್ ಅನ್ನೋ ನಿಯಮ ಎಲ್ಲೂ ಇಲ್ಲ. ಟೊಯೋಟಾದ ಲಾಂಗ್ ಲೈಫ್ ಪಿಂಕ್, ಹೋಂಡಾದ್ದು ನೀಲಿ, ಎರಡೂ ಒಳಗೆ ಒಂದೇ ಜಾತಿ, ತುಕ್ಕು ತಡೆಯೋಕೆ ಆರ್ಗ್ಯಾನಿಕ್ ಆಸಿಡ್ ಜೊತೆ ಫಾಸ್ಫೇಟ್ ಇದೆ, ಸಿಲಿಕೇಟ್ ಇಲ್ಲ. ಫೋಕ್ಸ್‌ವ್ಯಾಗನ್‌ನ ಜಿ13 ನೇರಳೆ, ಅದ್ರಲ್ಲಿ ಸಿಲಿಕೇಟ್ ಇದೆ, ಫಾಸ್ಫೇಟ್ ಇಲ್ಲ. ಯುರೋಪಿನವರಿಗೆ ಅಲ್ಲಿನ ಗಡಸು ನೀರಲ್ಲಿ ಫಾಸ್ಫೇಟ್ ಸೇರಿದ್ರೆ ಒಳಗೆ ಸುಣ್ಣ ಕಟ್ಟುತ್ತೆ ಅನ್ನೋ ಚಿಂತೆ, ಜಪಾನಿನವರಿಗೆ ಸಿಲಿಕೇಟ್ ವಾಟರ್ ಪಂಪ್ ಸೀಲನ್ನ ಸವೆಸುತ್ತೆ ಅನ್ನೋ ಚಿಂತೆ. ಇಬ್ಬರೂ ತಮ್ಮ ತಮ್ಮ ಎಂಜಿನ್‌ಗೆ ಸರಿಯಾಗೇ ಹೇಳ್ತಿದ್ದಾರೆ, ಅದಕ್ಕೇ ಮ್ಯಾನ್ಯುಯಲ್ ತೆಗೆದು ಸ್ಪೆಸಿಫಿಕೇಶನ್ ನೋಡಿ, ಬಾಟಲಿ ಹಿಂಭಾಗದಲ್ಲಿ ಅದೇ ಇದೆಯಾ ಹುಡುಕಿ, ಮುಂಭಾಗದ ದೊಡ್ಡಕ್ಷರ ಓದ್ಬೇಡಿ.

ಈಗ ಯೂನಿವರ್ಸಲ್ ರೆಡಿಮಿಕ್ಸ್ ಕಥೆಗೆ ಬರೋಣ. ಹಸಿರು ತೆಗೆದು ಬೇರೆ ಜಾತಿಗೆ ಹೋಗ್ಬೇಕಾದ್ರೆ ಒಳಗೆಲ್ಲ ನೀರಲ್ಲಿ ತೊಳೀಲೇಬೇಕು. ರೇಡಿಯೇಟರ್ ಕೆಳಗಿನ ಪ್ಲಗ್ ಬಿಚ್ಚಿ ಖಾಲಿ ಮಾಡೋದು, ನೀರು ತುಂಬೋದು, ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ (ಬಿಸಿಯಾದ್ಮೇಲೆ ರೇಡಿಯೇಟರ್‌ಗೆ ದಾರಿ ಬಿಡೋ ವಾಲ್ವ್) ತೆರೆಯೋ ತನಕ ಓಡಿಸೋದು, ಪೂರ್ತಿ ಆರಿದ್ಮೇಲೆ ಮತ್ತೆ ಖಾಲಿ ಮಾಡೋದು, ಬರೋ ನೀರು ತಿಳಿಯಾಗೋವರೆಗೂ ಇದೇ. ಕೊನೇದನ್ನ ಡಿಸ್ಟಿಲ್ಡ್ ವಾಟರ್‌ನಲ್ಲೇ ತೊಳೆದೆ. ಆಮೇಲೆ ಕ್ಯಾನ್ ತೆಗೆದು ಸುರಿದೆ, ತುಂಬ್ತು, ಗಾಳಿ ತೆಗೆದೆ, ಒಂದು ರೌಂಡ್ ಹೋಗಿ ಬಂದೆ, ಎಲ್ಲಾ ಚೆನ್ನಾಗೇ ಇತ್ತು.

ಆಮೇಲೆ ರಿಫ್ರ್ಯಾಕ್ಟೋಮೀಟರ್ ತೆಗೆದೆ. ಗೊತ್ತಿಲ್ಲದವರಿಗೆ, ಅದು ಕೈಯಲ್ಲಿ ಹಿಡಿಯೋ ಒಂದು ಸಣ್ಣ ದುರ್ಬೀನು ತರ, ತುದಿಯ ಗಾಜಿನ ಮೇಲೆ ಒಂದು ತೊಟ್ಟು ಕೂಲೆಂಟ್ ಬಿಟ್ಟು ಮುಚ್ಚಳ ಮುಚ್ಚಿ ಬೆಳಕಿಗೆ ಹಿಡಿದು ನೋಡಿದ್ರೆ ಮೇಲೆ ನೀಲಿ ಕೆಳಗೆ ಬಿಳಿ ಕಾಣುತ್ತೆ, ಎರಡೂ ಸೇರೋ ಗೆರೆ ಎಲ್ಲಿದೆಯೋ ಅದೇ ರೀಡಿಂಗ್, ಅಂದ್ರೆ ಆ ಕೂಲೆಂಟ್ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತೆ ಅಂತ. ಕ್ಯಾನ್‌ನಿಂದ ನೇರವಾಗಿ ತೆಗೆದ ತೊಟ್ಟು ಮೈನಸ್ 37 ಡಿಗ್ರಿ ತೋರಿಸ್ತು, ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ (ಹೆಪ್ಪುಗಟ್ಟದಂತೆ ತಡೆಯೋ, ಕೂಲೆಂಟ್‌ನ ಮುಖ್ಯ ದ್ರವ) ಅಂದ್ರೆ ಅಷ್ಟೇ ಬರ್ಬೇಕು. ರೇಡಿಯೇಟರ್‌ನಿಂದ ತೆಗೆದ ತೊಟ್ಟು ನೋಡಿದ್ರೆ ಗೆರೆ ಮೈನಸ್ 17ರ ಹತ್ರ! ಗಾಜು ಒರೆಸಿ ಮತ್ತೆ ನೋಡ್ದೆ, ಅದೇ.

ಕ್ಯಾನ್ ಮೇಲೆ "ನೀರು ಸೇರಿಸಬೇಡಿ" ಅಂತ ದಪ್ಪಕ್ಷರದಲ್ಲಿ ಇದೆ, ನಾನು ಸೇರಿಸಿಲ್ಲ, ಆದ್ರೆ ನೀರು ಮೊದ್ಲೇ ಒಳಗೆ ಕೂತಿತ್ತು. ರೇಡಿಯೇಟರ್ ಪ್ಲಗ್ ಬಿಚ್ಚಿದ್ರೆ ಪೂರ್ತಿ ಖಾಲಿ ಆಗಲ್ಲ, ಎಂಜಿನ್ ಬ್ಲಾಕು, ಹೀಟರ್ ಕೋರಲ್ಲಿ (ಕಾರಿನೊಳಗೆ ಬಿಸಿ ಗಾಳಿ ಕೊಡೋ ಸಣ್ಣ ರೇಡಿಯೇಟರ್) ಇರೋದು ಅಲ್ಲೇ ಉಳಿಯುತ್ತೆ. ಬ್ಲಾಕಿಗೂ ಕೆಲವು ಎಂಜಿನ್‌ಗಳಲ್ಲಿ ಡ್ರೈನ್ ಬೋಲ್ಟ್ ಇರುತ್ತೆ, ನನ್ನದ್ರಲ್ಲಿ ಅದು ಎಕ್ಸಾಸ್ಟ್ ಹಿಂದೆ ಕೈ ಹೋಗದ ಜಾಗದಲ್ಲಿದೆ. ಬಕೆಟ್‌ನಲ್ಲಿ ಅಳೆದ್ರೆ ನನ್ನ ಕಾರಿಂದ ಹೊರಗೆ ಬರೋದು 3.2 ಲೀಟರ್, ಅಂದ್ರೆ 1.8 ಲೀಟರ್ ಬರೀ ನೀರು ಒಳಗೇ. ಅದರ ಮೇಲೆ 3.2 ಲೀಟರ್ ರೆಡಿಮಿಕ್ಸ್ ಸುರಿದ್ರೆ ಅದ್ರಲ್ಲಿ ಗ್ಲೈಕಾಲ್ 1.6 ಲೀಟರ್ ಮಾತ್ರ, ಒಟ್ಟು 5 ಲೀಟರ್‌ಗೆ ಶೇಕಡ 32. ಅರ್ಧ ಅಂದ್ಕೊಂಡಿದ್ದು ಮೂರನೇ ಒಂದು ಭಾಗ ಆಯ್ತು ನೋಡಿ.

"ನಮ್ಮಲ್ಲಿ ಹಿಮಾನೇ ಬೀಳಲ್ಲ, ಮೈನಸ್ 17 ಸಾಕು ಬಿಡಿ" ಅನ್ನೋರು ಇರ್ತಾರೆ. ಹೆಪ್ಪುಗಟ್ಟೋದು ಬಿಡಿ ಸ್ವಾಮಿ, ತುಕ್ಕು ತಡೆಯೋ ಕೆಮಿಕಲ್ಲೂ ಅದೇ ಲೆಕ್ಕದಲ್ಲಿ ತೆಳ್ಳಗಾಗಿದೆ ಅಲ್ವಾ. 5 ವರ್ಷ ಬಾಳಿಕೆ ಅಂತ ಲೇಬಲ್ ಹೇಳೋದು ಕ್ಯಾನ್ ಒಳಗಿರೋ ಹದಕ್ಕೆ, ನಿಮ್ಮ ಎಂಜಿನ್ ಒಳಗೆ ತೆಳುವಾದ ಹದಕ್ಕಲ್ಲ. ಕುದಿಯೋ ಬಿಂದುವೂ ಸ್ವಲ್ಪ ಇಳಿಯುತ್ತೆ.

ಇದನ್ನ ರೆಡಿಮಿಕ್ಸಲ್ಲೇ ಸರಿ ಮಾಡ್ಬೇಕಂದ್ರೆ ಮತ್ತೆ 3.2 ಲೀಟರ್ ಖಾಲಿ ಮಾಡಿ ಹೊಸದು ಹಾಕ್ಬೇಕು, ಆಗ ಶೇಕಡ 43ರ ಚಿಲ್ಲರೆ, ಇನ್ನೊಮ್ಮೆ ಮಾಡಿದ್ರೆ 47 ದಾಟುತ್ತೆ. 5 ಲೀಟರ್ ಹಿಡಿಯೋ ಕಾರಿಗೆ ಸುಮಾರು ಹತ್ತು ಲೀಟರ್ ಕೊಳ್ಳೋದು ಯಾರ ಜೇಬಿಗೆ ಚೆಂದ?

ಕಾನ್ಸಂಟ್ರೇಟಲ್ಲಿ ಈ ರಗಳೆನೇ ಇಲ್ಲ. ತೊಳೆದಾದ್ಮೇಲೆ ಒಟ್ಟು ಹಿಡಿತದ ಅರ್ಧ, ಅಂದ್ರೆ 2.5 ಲೀಟರ್ ಕಾನ್ಸಂಟ್ರೇಟ್ ಮೊದ್ಲು ಸುರೀರಿ, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್, ನನ್ನ ಕಾರಲ್ಲಿ ಅದು 700 ಎಂಎಲ್. ಒಳಗಿರೋ ನೀರೂ ಲೆಕ್ಕಕ್ಕೆ ಬಂತು. ಗೆರೆ ಹೋಗಿ ಮೈನಸ್ 37ಕ್ಕೆ ಕೂತಾಗ ಆದ ಖುಷಿ ಹೇಳಿದ್ರೆ ಮನೆಯವರು ನಗ್ತಾರೆ.

ತೊಂದರೆ ಇಲ್ಲ ಅಂತಲ್ಲ. ಮ್ಯಾನ್ಯುಯಲ್‌ನಲ್ಲಿ ಒಟ್ಟು ಹಿಡಿತ ಎಷ್ಟು ಅಂತ ಹುಡುಕ್ಬೇಕು, ಅಳೀಬೇಕು. ನಲ್ಲಿ ನೀರು ಬೇಡ್ವೇ ಬೇಡ, ಅದರ ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಸೇರಿ ಗಟ್ಟಿಯಾಗುತ್ತೆ. "ಜಾಸ್ತಿ ಹಾಕಿದ್ರೆ ಜಾಸ್ತಿ ಒಳ್ಳೇದು" ಅಂತ ಬರೀ ಕಾನ್ಸಂಟ್ರೇಟ್ ತುಂಬೋರೂ ಇದ್ದಾರೆ, ನೀರಿಲ್ಲದ ಗ್ಲೈಕಾಲ್ ಮೈನಸ್ 13 ಡಿಗ್ರಿ ಹತ್ರಾನೇ ಹೆಪ್ಪುಗಟ್ಟುತ್ತೆ, ಶಾಖ ಒಯ್ಯೋದ್ರಲ್ಲೂ ನೀರಿನ ಮುಂದೆ ಏನೂ ಅಲ್ಲ.

ಗಾಳಿ ತೆಗೆಯೋ ಕೆಲಸ ಎರಡಕ್ಕೂ ಒಂದೇ: ಹೀಟರ್ ಫುಲ್ ಬಿಸಿಗಿಟ್ಟು, ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ ಶುರು ಮಾಡಿ, ಗುಳ್ಳೆ ನಿಲ್ಲೋ ತನಕ ಕಾಯೋದು. ಬಿಸಿ ಎಂಜಿನ್ ಮುಚ್ಚಳ ಮಾತ್ರ ತೆಗೀಬೇಡಿ.

"ಯಾವುದರ ಜೊತೆ ಬೇಕಾದ್ರೂ ಬೆರೆಸಿ" ಅನ್ನೋ ಯೂನಿವರ್ಸಲ್ ಮಾತನ್ನ ನಾನು ಇಷ್ಟೇ ನಂಬೋದು: ತಕ್ಷಣ ಗಟ್ಟಿಯಾಗಲ್ಲ. ಬೆರೆಸಿದ್ಮೇಲೂ ಪೂರ್ತಿ ಆಯಸ್ಸು ಬರುತ್ತೆ ಅಂತಲ್ಲ. ನೀರಿಲ್ಲದ ವಾಟರ್‌ಲೆಸ್ ಕೂಲೆಂಟ್ ನಾನು ಹಾಕಿಲ್ಲ, ಅದಕ್ಕೆ ಒಳಗೆ ನೀರು ಉಳೀಲೇಬಾರದು, 1.8 ಲೀಟರ್ ಬಿಟ್ಟುಕೊಡದ ಎಂಜಿನ್ ಇಟ್ಕೊಂಡು ಆ ಆಸೆ ಎಲ್ಲಿಂದ.

ರೆಡಿಮಿಕ್ಸ್ ಯಾರಿಗೆ ಸರಿ ಅಂದ್ರೆ, ಒಳಗಿರೋದೂ ಹಾಕೋದೂ ಒಂದೇ ಜಾತಿ, ನೀರಲ್ಲಿ ತೊಳೆಯೋದೇ ಇಲ್ಲ, ಬರೀ ಖಾಲಿ ಮಾಡಿ ತುಂಬೋದು ಅನ್ನೋರಿಗೆ. ಆಗ ಉಳಿದಿರೋದೂ ಅರ್ಧಕ್ಕರ್ಧ, ಹಾಕೋದೂ ಅರ್ಧಕ್ಕರ್ಧ. ಟಾಪ್ ಅಪ್‌ಗೂ ಅದೇ ಸುಲಭ. ನಾನು ಮನೇಲೇ ಮಾಡ್ಕೊಳ್ಳೋನು, ಅಳೆಯೋದು ಇಷ್ಟ, ಅರ್ಧ ನೀರಿರೋ ಕ್ಯಾನಿಗೆ ದುಡ್ಡು ಕೊಡೋಕೆ ಮನಸ್ಸಿಲ್ಲ, ಅದಕ್ಕೆ ಕಾನ್ಸಂಟ್ರೇಟ್. ಗ್ಯಾರೇಜಲ್ಲಿ ಮಾಡಿಸೋರು, ತೊಳೆದಾದ್ಮೇಲೆ ಒಳಗೆ ಉಳಿದ ನೀರಿಗೆ ಏನು ಲೆಕ್ಕ ಹಿಡಿದ್ರಿ ಅಂತ ಒಂದು ಮಾತು ಕೇಳಿ.

ಯಾವುದೇ ಹಾಕಿ, ಹಳೇದು ತುಂಬಿರೋ ಬಕೆಟ್ ಮಾತ್ರ ತೆರೆದಿಡ್ಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತೆ, ನಾಯಿ ಬೆಕ್ಕು ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯ್ತವೆ. ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು, ಹಳೇ ಕೂಲೆಂಟ್ ತಗೊಳ್ಳೋ ಕಡೆ ಕೊಟ್ಟುಬಿಡಿ, ಚರಂಡಿಗೆ ಸುರೀಬೇಡಿ.