ಗೋ ಕಲಿಯಲು ಲೀಗ್, ವಿಡಿಯೋ ಕೋರ್ಸ್, ಕಾಟಾಗೋ: ನನ್ನ ದುಡ್ಡು ಲೀಗಿಗೇ

ಕರಿ-ಬಿಳಿ ಕಲ್ಲಿಟ್ಟು ಆಡುವ ಮಣೆಯಾಟ ಗೋ, ಅದನ್ನು ಆನ್‌ಲೈನ್‌ನಲ್ಲಿ ಕಲಿಯಲು ಮೂರು ದಾರಿ ಹಿಡಿದು ನೋಡಿದ್ದೇನೆ. ಮೊದಲು ದುಡ್ಡು ಕೊಟ್ಟು ತಗೊಂಡ ವಿಡಿಯೋ ಕೋರ್ಸ್, ಆಮೇಲೆ ಬಿಟ್ಟಿ ಸಿಗುವ ಕಾಟಾಗೋ ಎಂಬ ಗೋ ಆಡುವ ಪ್ರೋಗ್ರಾಂ, ಈಗ ಗುರುಗಳು ಆಟ ನೋಡಿ ತಿದ್ದುವ, ವೃತ್ತಿಪರರ ಮಾದರಿಯ ಲೀಗ್. ನನಗೆ ಲೀಗೇ ಬೆಸ್ಟ್. ಉಡುಪಿಯಲ್ಲಿ ಚೆಸ್ ಆಡುವವರು ಬೇಕಾದಷ್ಟಿದ್ದಾರೆ, ಗೋ ಮಣೆಯ ಎದುರು ಕೂರುವವರು ನನಗಂತೂ ಸಿಕ್ಕಿಲ್ಲ, ಹಾಗಾಗಿ ನೆಟ್ಟೇ ಗತಿ.

ವಿಡಿಯೋ ಕೋರ್ಸ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ನೋಡುವಾಗ ಎಲ್ಲ ತಲೆಗೆ ಹೋಗುತ್ತದೆ, ಆಡುವಾಗ ಒಂದೂ ಕೈಗೆ ಬರುವುದಿಲ್ಲ. ಪ್ರಶ್ನೆ ಕಳಿಸಿದರೆ ಉತ್ತರವಿಲ್ಲ. ದುಡ್ಡು ದಂಡ.

ಕಾಟಾಗೋ ಹಾಗಲ್ಲ. 2016ರಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ದಿಗ್ಗಜ ಆಟಗಾರ ಲೀ ಸೆಡೋಲ್ ಅವರನ್ನು 4–1ರಿಂದ ಸೋಲಿಸಿತಲ್ಲ, ಅದೇ ಜಾತಿಯ ಎಂಜಿನ್ ಇದು, ನಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ಆಡಿದ ಆಟ ಹಾಕಿದರೆ ಎಲ್ಲಿ ಎಷ್ಟು ಅಂಕ ಕಳೆದುಕೊಂಡೆ ಅಂತ ತೋರಿಸುತ್ತದೆ. ಯಾಕೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಒಂದು ಆಟದಲ್ಲಿ ಎದುರಾಳಿಯ ಕಲ್ಲುಗಳ ಗುಂಪನ್ನು ಎರಡು ಕರಿ ಕಲ್ಲಿಟ್ಟು ಎರಡಾಗಿ ಕತ್ತರಿಸಿದ್ದೆ. ಅವನು ಅವನ್ನು ಹಿಡಿಯಲು ಬಂದ, ನಾನು ಬಿಡದೆ ಕಲ್ಲಿಗೆ ಕಲ್ಲು ಸೇರಿಸುತ್ತಾ ಉಳಿಸಲು ಓಡಿದೆ. ಕಾಟಾಗೋ ಮಣೆಯ ಇನ್ನೊಂದು ಮೂಲೆಯಲ್ಲಿ ಆಡು ಅಂತ ಚುಕ್ಕಿ ತೋರಿಸಿತು, ಅಷ್ಟೇ. ಲೀಗಿನ ಗುರುಗಳು ಅದೇ ಆಟ ನೋಡಿ, ಆ ಎರಡು ಕಲ್ಲಿನ ಕೆಲಸ ಮುಗಿದಿದೆ, ಎದುರಾಳಿಯ ಎರಡೂ ಗುಂಪು ಹಿಡಿಯಲಾಗದಂತೆ ಆಗಲೇ ಬದುಕಿಕೊಂಡಿವೆ, ಇನ್ನು ಕತ್ತರಿಸಿ ಏನು ಸಿಗುತ್ತದೆ ಅಂದರು. ಅವತ್ತಿಂದ ಕಲ್ಲು ಉಳಿಸುವ ಮೊದಲು ಆ ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಲೀಗಿನ ಕ್ರಮ ಜಪಾನಿನ ಇನ್ಸೇಗಳದ್ದು, ಅಂದರೆ ವೃತ್ತಿಪರರಾಗಲು ಕಲಿಯುವ ಮಕ್ಕಳದ್ದು. ಸಮಬಲದವರ ಗುಂಪು, ಎಲ್ಲರೂ ಎಲ್ಲರೊಂದಿಗೆ ಆಡಬೇಕು, ತಿಂಗಳ ಕೊನೆಗೆ ಗೆದ್ದವರು ಮೇಲಿನ ಗುಂಪಿಗೆ, ಸೋತವರು ಕೆಳಗೆ. ಕೆಳಗಿಳಿಯುವ ಭಯ ಇದ್ದರೆ ಯಾರೂ ಸುಮ್ನೆ ಕಲ್ಲು ಇಡುವುದಿಲ್ಲ.

ಈಗ ತಲೆನೋವಿನ ವಿಷಯ. ನಾನಿರುವ ಲೀಗಿನ ಗಡಿಯಾರ ಮಧ್ಯ ಯುರೋಪಿನದ್ದು. ಅಲ್ಲಿ ರಾತ್ರಿ 8 ಗಂಟೆಯ ಸುತ್ತು ಚಳಿಗಾಲದಲ್ಲಿ ನಮಗೆ ಮಧ್ಯರಾತ್ರಿ 12.30ಕ್ಕೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಮುಂದೆ ತಿರುಗಿಸುತ್ತಾರೆ, ಆಮೇಲೆ ಅಕ್ಟೋಬರ್ ಕೊನೆಯವರೆಗೆ 11.30. ಒಂದು ಗಂಟೆ ಸಿಕ್ಕಿತಲ್ಲ ಅಂತ ಖುಷಿಪಡುವಷ್ಟರಲ್ಲಿ ಜೂನ್ ಬರುತ್ತದೆ. ನಮ್ಮ ಕಡೆಯ ಮಳೆ ಗೊತ್ತಲ್ವಾ, ಗಾಳಿ ಜೋರಾಗಿ ಒಂದು ತೆಂಗಿನ ಮಡಲು ತಂತಿಗೆ ಬಿದ್ದರೆ ಸಾಕು.

ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ರೌಟರ್ ಸಾಯುತ್ತದೆ. ಮುಖ್ಯ ಸಮಯ ಮುಗಿದ ಮೇಲೆ ಉಳಿಯುವುದು ಬ್ಯೋಯೋಮಿ, ಅಂದರೆ ಹೆಚ್ಚುವರಿ ಸಮಯ, 30 ಸೆಕೆಂಡಿನ ಮೂರು ಕಂತು; ಅಷ್ಟರಲ್ಲಿ ಕಲ್ಲಿಡದಿದ್ದರೆ ಒಂದು ಕಂತು ಹೋಗುತ್ತದೆ, ಮೂರೂ ಹೋದರೆ ಸೋಲು. ಒಟ್ಟು ಒಂದೂವರೆ ನಿಮಿಷ. ಕರೆಂಟು ಆ ಕ್ಷಣವೇ ಬಂದರೂ ನನ್ನ ರೌಟರ್ ಎದ್ದು ನೆಟ್ ಹಿಡಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಗೆಲ್ಲುತ್ತಿದ್ದ ಆಟ ಹಾಗೆ ಹೋದರೆ ಹೊಟ್ಟೆ ಉರಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಇದೆ, ಆದರೆ ನಮ್ಮ ಮನೆಯೊಳಗೆ ಜೋರು ಮಳೆಗೆ ಸಿಗ್ನಲ್ಲೂ ಕೈಕೊಡುತ್ತದೆ. ರೌಟರಿಗೆ ಅಂತಲೇ ಬರುವ ಸಣ್ಣ ಯುಪಿಎಸ್ ಹಾಕಿದ ಮೇಲೆ ಅರ್ಧ ಸಮಸ್ಯೆ ಹೋಯಿತು. ನಿದ್ದೆಯ ಸಮಸ್ಯೆಗೆ ಯುಪಿಎಸ್ ಇಲ್ಲ.

ಶುಲ್ಕ ಯುರೋದಲ್ಲಿ. ಮನೆಯ ಇಂಟರ್ನೆಟ್ ಬಿಲ್ಲಿನ ಹಲವು ಪಟ್ಟು. ಕಾರ್ಡಿನಲ್ಲಿ ವಿದೇಶಿ ಪಾವತಿ ಮೊದಲೇ ತೆರೆದಿಟ್ಟುಕೊಳ್ಳಿ.

ನಾನು ರಾತ್ರಿ ಎಚ್ಚರ ಇರುವ ಜಾತಿ, ಕೆಲಸ ಶುರುವಾಗುವುದು 10ಕ್ಕೆ, ಹಾಗಾಗಿ ನನಗೆ ನಡೆಯುತ್ತದೆ. ಬೆಳಿಗ್ಗೆ 5ಕ್ಕೆ ಏಳುವವರು ಏಷ್ಯಾದ ಗಡಿಯಾರದಲ್ಲಿ ನಡೆಯುವ ಲೀಗ್ ಹುಡುಕಿ, ಕೊರಿಯಾದ ರಾತ್ರಿ 8 ನಮಗೆ ಸಂಜೆ 4.30. ಇನ್ನೂ 15 ಕ್ಯೂ ಆಸುಪಾಸಿನಲ್ಲಿರುವವರು, ಅಂದರೆ ಕಲಿಕೆಯ ಕೆಳಗಿನ ಮೆಟ್ಟಿಲಲ್ಲಿರುವವರು, ಈಗಲೇ ದುಡ್ಡು ಹಾಕಬೇಡಿ, 9×9ರ ಸಣ್ಣ ಮಣೆಯಲ್ಲಿ ಬಿಟ್ಟಿಯಾಗಿ ಆಡಿ, ದಿನಾ ನಾಲ್ಕು ಸುಮೆಗೋ, ಅಂದರೆ ಕಲ್ಲು ಉಳಿಸುವ-ಹಿಡಿಯುವ ಒಗಟು, ಬಿಡಿಸಿ. ನಾನು ಜೂನ್‌ನಿಂದ ಆಗಸ್ಟ್‌ವರೆಗೆ ಲೀಗ್ ಬಿಟ್ಟು ಕಾಟಾಗೋ ಜೊತೆ ಇರುತ್ತೇನೆ, ಸೆಪ್ಟೆಂಬರ್‌ಗೆ ಮತ್ತೆ ಶುಲ್ಕ ಕಟ್ಟುತ್ತೇನೆ.