ಕರೆಂಟ್ ಹೋದರೂ ಜೊತೆ ಬಿಡದ ಆಕ್ಸಿಸ್‌ಗಳು: ಹಾಬಿಂಗ್ ಮಷಿನ್‌ನಲ್ಲಿ ಇಎಸ್‌ಆರ್ ಬಳಸಿದ ಅನುಭವ

ಪೀಣ್ಯದ ನಮ್ಮ ಶಾಪ್‌ನಲ್ಲಿ ಒಂದು ಸಿಎನ್‌ಸಿ ಗೇರ್ ಹಾಬಿಂಗ್ ಮಷಿನ್ ಇದೆ. ಹಾಬ್ ಅನ್ನುವ ಸುರುಳಿ ಹಲ್ಲಿನ ಕಟರ್ ತಿರುಗುತ್ತಾ, ಟೇಬಲ್ ಮೇಲೆ ತಿರುಗುವ ಜಾಬ್‌ನಲ್ಲಿ ಗೇರ್ ಹಲ್ಲು ಕೊರೆಯುತ್ತದೆ. ಸೀಮೆನ್ಸ್‌ನ ಸಿನುಮೆರಿಕ್ 840ಡಿ ಎಸ್‌ಎಲ್ ಕಂಟ್ರೋಲ್, ಮೋಟಾರ್‌ಗಳನ್ನು ಓಡಿಸಲು ಸಿನಾಮಿಕ್ಸ್ ಎಸ್120 ಡ್ರೈವ್. ಕರೆಂಟ್ ಹೋದಾಗ ಎಲ್ಲ ಆಕ್ಸಿಸ್‌ಗಳನ್ನೂ (ಮೋಟಾರ್‌ನಿಂದ ಚಲಿಸುವ ಭಾಗಗಳನ್ನು) ಒಟ್ಟಿಗೆ ನಿಲ್ಲಿಸುವ ಆಪ್ಷನ್ ಅದರಲ್ಲಿದೆ. ಎಕ್ಸ್‌ಟೆಂಡೆಡ್ ಸ್ಟಾಪ್ ಅಂಡ್ ರಿಟ್ರ್ಯಾಕ್ಟ್, ಚಿಕ್ಕದಾಗಿ ಇಎಸ್‌ಆರ್. ವರ್ಷಗಳಿಂದ ಬಳಸುತ್ತಿದ್ದೇನೆ. ತಗೊಳ್ಳಬಹುದಾ ಅಂತ ಕೇಳಿದರೆ ಧಾರಾಳವಾಗಿ ತಗೊಳ್ಳಿ ಅಂತೀನಿ. ಆದರೆ ಶಕ್ತಿ ಶೇಖರಿಸಿಡುವ ಕೆಪಾಸಿಟರ್ ಡಬ್ಬಿ ತಂದು ಪ್ಯಾನೆಲ್‌ನಲ್ಲಿ ಕೂರಿಸಿದರೆ ಮುಗೀತು ಅಂದುಕೊಂಡವರು ಸ್ವಲ್ಪ ಓದಿ ಆಮೇಲೆ ಆರ್ಡರ್ ಮಾಡಿ.

ಯಾಕೆ ಬೇಕು ಇದು? ಒಂದೇ ಸ್ಟಾರ್ಟ್ (ಒಂದೇ ಸುರುಳಿ ಎಳೆ) ಇರುವ ಹಾಬ್‌ನಲ್ಲಿ 40 ಹಲ್ಲಿನ ಗೇರ್ ಮಾಡುವಾಗ ಹಾಬ್ 40 ಸುತ್ತು ಹಾಕಿದರೆ ಟೇಬಲ್ 1 ಸುತ್ತು ಹಾಕಬೇಕು. ಹಳೇ ಮಷಿನ್‌ನಲ್ಲಿ ಈ ಲೆಕ್ಕ ಬದಲಾಯಿಸಿ ಹಾಕುವ ಚೇಂಜ್ ಗೇರ್‌ಗಳಲ್ಲೇ ಇತ್ತು. ಕರೆಂಟ್ ಹೋದರೆ ಎಲ್ಲವೂ ಕಚ್ಚಿಕೊಂಡೇ ನಿಧಾನವಾಗಿ ನಿಲ್ಲುತ್ತಿತ್ತು. ಈಗ ಆ ನಂಟು ಸಾಫ್ಟ್‌ವೇರ್‌ನಲ್ಲಿದೆ. ಡ್ರೈವ್ ಸತ್ತರೆ ಹಾಬ್ ಒಂದು ಕಡೆ, ಟೇಬಲ್ ಇನ್ನೊಂದು ಕಡೆ. ಹೆಲಿಕಲ್ (ಓರೆ ಹಲ್ಲಿನ) ಗೇರ್ ಆದರೆ ಜಾಬ್‌ನ ಉದ್ದಕ್ಕೆ ಸಾಗುವ ಜೆಡ್ ಆಕ್ಸಿಸ್ ಕೂಡ ಅದೇ ಲೆಕ್ಕಕ್ಕೆ ಸೇರಿರುತ್ತದೆ. ಜೊತೆ ತಪ್ಪಿದ ಹಾಬ್ ಗೇರ್‌ನ ಹಲ್ಲಿನ ಮೈಯನ್ನೇ ಕೊರೆಯುತ್ತದೆ. ಜಾಬ್ ಹೋಗಲಿ ಬಿಡಿ, ಕೋಟಿಂಗ್ ಮಾಡಿಸಿದ ಹಾಬ್‌ನ ಹಲ್ಲು ಮುರಿದರೆ ಹೊಟ್ಟೆ ಉರಿಯುತ್ತದೆ.

ಇಎಸ್‌ಆರ್ ಮಾಡುವ ಕೆಲಸ ಸರಳ. ಡಿಸಿ ಲಿಂಕ್ (ಡ್ರೈವ್‌ಗಳಿಗೆಲ್ಲ ಶಕ್ತಿ ಹಂಚುವ ಡಿಸಿ ಲೈನ್) ವೋಲ್ಟೇಜ್ ನಾವು ಇಟ್ಟ ಮಿತಿಗಿಂತ ಕೆಳಗೆ ಇಳಿದ ಕೂಡಲೇ ಹಾಬ್-ಟೇಬಲ್ ಜೋಡಿಯನ್ನು ಹಾಗೇ ಉಳಿಸಿಕೊಂಡು ಎಕ್ಸ್ ಆಕ್ಸಿಸ್‌ನಲ್ಲಿ ಹಾಬ್ ಅನ್ನು ಜಾಬ್‌ನಿಂದ ಹಿಂದಕ್ಕೆ ಎಳೆಯುತ್ತದೆ. ಹಾಬ್ ಹೊರಗೆ ಬಂದ ಮೇಲೆ ಎಲ್ಲವೂ ನಿಲ್ಲುತ್ತವೆ.

ಇದಕ್ಕೆ ಎಷ್ಟು ಶಕ್ತಿ ಬೇಕು ಅನ್ನುವುದನ್ನು ಕಾಗದದ ಮೇಲೆ ಹಾಕಿ ನೋಡಿ. 4000 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಮಾಡ್ಯೂಲ್ 600 ವೋಲ್ಟ್‌ನಿಂದ 400ಕ್ಕೆ ಇಳಿದರೆ ಕೊಡುವುದು 400 ಜೂಲ್. ಕಟಿಂಗ್ ಲೋಡ್ 5 ಕಿಲೋವ್ಯಾಟ್ ಇದ್ದರೆ 80 ಮಿಲಿಸೆಕೆಂಡ್, ಅಂದರೆ ಮೇನ್ಸ್‌ನ ನಾಲ್ಕು ಸೈಕಲ್. ಎಕ್ಸ್ ಆಕ್ಸಿಸ್ ನಿಮಿಷಕ್ಕೆ 6 ಮೀಟರ್ ಸ್ಪೀಡ್‌ನಲ್ಲಿ 3 ಮಿಲಿಮೀಟರ್ ಹಿಂದೆ ಬರಲು 30 ಮಿಲಿಸೆಕೆಂಡ್, ಸ್ಪೀಡ್ ಹಿಡಿಯುವ ಹೊತ್ತು ಬೇರೆ. ಸಾಕಾಗುತ್ತದೆ ಅಲ್ವಾ? ತಡೀರಿ. ಮಿತಿಯನ್ನು 510 ವೋಲ್ಟ್‌ಗೆ ಇಟ್ಟರೆ ಗೊತ್ತಾಗುವ ಹೊತ್ತಿಗೆ ಅರ್ಧ ಖಾಲಿ. ಉಳಿದಿರುವುದು 200 ಜೂಲ್, 40 ಮಿಲಿಸೆಕೆಂಡ್. ಮೇಲಕ್ಕೆ ಇಟ್ಟರೆ ಪಕ್ಕದ ಶೆಡ್‌ನವರು ದೊಡ್ಡ ಮೋಟಾರ್ ಹಾಕಿದಾಗಲೂ ಹಾಬ್ ಹೊರಗೆ ಓಡಿ ಬರುತ್ತದೆ. ನಾವು 560ಕ್ಕೆ ನಿಂತಿದ್ದೇವೆ. ಸುಮಾರು 300 ಜೂಲ್, 60 ಮಿಲಿಸೆಕೆಂಡ್. ಮಳೆಗಾಲದಲ್ಲಿ ಸುಮ್ನೆ ಹೊರಗೆ ಬರುವುದು ಈಗಲೂ ಇದೆ, ಆದರೆ ಆ ಜಾಬ್‌ಗಳನ್ನು ಮತ್ತೆ ಅದೇ ಜಾಗಕ್ಕೆ ಹಿಡಿಸಿ ಮುಗಿಸಬಹುದು.

ಹಾಬ್ ಹೊರಗೆ ಬಂದ ಮೇಲೆ ಕಥೆ ಉಲ್ಟಾ. ಬ್ರೇಕ್ ಹಾಕುವಾಗ ತಿರುಗುತ್ತಿರುವ ಮೋಟಾರ್‌ಗಳೇ ಕರೆಂಟ್ ಹುಟ್ಟಿಸುತ್ತವೆ. ಮೇನ್ಸ್ ಇದ್ದಾಗ ಅದು ಲೈನ್‌ಗೆ ವಾಪಸ್ ಹೋಗುತ್ತಿತ್ತು. ಈಗ ಎಲ್ಲಿಗೆ ಹೋಗಬೇಕು? ಅದೇ ಮಾಡ್ಯೂಲ್ 600ರಿಂದ 820 ವೋಲ್ಟ್‌ಗೆ ಏರಲು ಸುಮಾರು 625 ಜೂಲ್ ಸಾಕು. 820ರಲ್ಲಿ ಓವರ್‌ವೋಲ್ಟೇಜ್ ಟ್ರಿಪ್. ಟ್ರಿಪ್ ಆದರೆ ಎಲ್ಲ ಆಕ್ಸಿಸ್‌ಗಳೂ ಬಿಟ್ಟ ಹಾಗೆ. ಅದಕ್ಕೇ ಆ ಶಕ್ತಿಯನ್ನು ಬಿಸಿ ಮಾಡಿ ಕಳೆಯುವ ಬ್ರೇಕಿಂಗ್ ಮಾಡ್ಯೂಲ್ ಮತ್ತು ರೆಸಿಸ್ಟರ್ ಬೇಕೇ ಬೇಕು. ಕೊಟೇಶನ್‌ನಲ್ಲಿ ಇದನ್ನು ಬಿಟ್ಟು ಬೆಲೆ ಇಳಿಸುವವರಿದ್ದಾರೆ, ಹುಷಾರು. ಸಣ್ಣ ಹಲ್ಲಿನ ಗೇರ್‌ಗೆ ಹಾಬ್ ಜೋರಾಗಿ ತಿರುಗುವಾಗ ಇದು ಮುಖ್ಯ. ಸ್ಪೀಡ್ ಎರಡರಷ್ಟಾದರೆ ವಾಪಸ್ ಬರುವ ಶಕ್ತಿ ನಾಲ್ಕರಷ್ಟು.

ನನಗೆ ಸಿಟ್ಟು ಬಂದಿದ್ದು ಇನ್ನೊಂದು ವಿಷಯಕ್ಕೆ. ಮಷಿನ್ ಕೂರಿಸಿದವರು ಪಿಎಲ್‌ಸಿ (ಮಷಿನ್‌ನ ಸಿಗ್ನಲ್‌ಗಳನ್ನು ನೋಡಿಕೊಳ್ಳುವ ಕಂಪ್ಯೂಟರ್) ಪ್ರೋಗ್ರಾಂನಲ್ಲಿ, ಕರೆಂಟ್ ಜೋಡಿಸುವ ಮೇನ್ ಕಾಂಟ್ಯಾಕ್ಟರ್‌ನ ಆಕ್ಸಿಲರಿ ಕಾಂಟ್ಯಾಕ್ಟ್ ಬಿಟ್ಟ ತಕ್ಷಣ ಡ್ರೈವ್ ಎನೇಬಲ್ (ಓಡಲು ಕೊಡುವ ಅನುಮತಿ) ತೆಗೆಯುವ ಹಾಗೆ ಬರೆದಿದ್ದರು. ಕರೆಂಟ್ ಹೋಯಿತು, ಕಾಂಟ್ಯಾಕ್ಟರ್ ಟಪ್ ಅಂತ ಬಿಟ್ಟಿತು, ಎನೇಬಲ್ ಹೋಯಿತು. ದುಡ್ಡು ಕೊಟ್ಟ ಕೆಪಾಸಿಟರ್ ತುಂಬಿಕೊಂಡೇ ಕೂತಿತ್ತು! ಆ ಸಿಗ್ನಲ್‌ಗೆ ವಿಳಂಬ ಹಾಕಿಸಲು ಫೋನ್ ಮಾಡಿ ಮಾಡಿ ಸಾಕಾಯಿತು. ಎಮರ್ಜೆನ್ಸಿ ಸ್ಟಾಪ್ ಸರ್ಕ್ಯೂಟ್ ಮಾತ್ರ ಮುಟ್ಟಬೇಡಿ, ಅದು ಬೇರೆ.

ಕಂಟ್ರೋಲ್ ನಡೆಸುವ 24 ವೋಲ್ಟ್ ಸಪ್ಲೈ ಕೂಡ ಹಾಗೇ. ಸಾಮಾನ್ಯ ಎಸ್‌ಎಂಪಿಎಸ್ (ಪವರ್ ಸಪ್ಲೈ) ಕರೆಂಟ್ ಹೋದ ಮೇಲೆ ಫುಲ್ ಲೋಡ್‌ನಲ್ಲಿ ತಡೆಯುವುದು 20 ಮಿಲಿಸೆಕೆಂಡ್ ಆಸುಪಾಸು. ಕಂಟ್ರೋಲೇ ಮಲಗಿದರೆ ಲೆಕ್ಕ ಹಾಕುವವರು ಯಾರು? ನಮ್ಮಲ್ಲಿ ಡಿಸಿ ಲಿಂಕ್‌ನಿಂದಲೇ 24 ವೋಲ್ಟ್ ತಯಾರಿಸುವ ಕಂಟ್ರೋಲ್ ಸಪ್ಲೈ ಮಾಡ್ಯೂಲ್ ಇದೆ. ಇಡೀ ಸೆಟ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಬ್ಯಾಟರಿ ಇಲ್ಲ, ಬದಲಾಯಿಸುವ ಗೋಳಿಲ್ಲ. ಜಾಬ್ ಹಿಡಿದಿರುವ ಹೈಡ್ರಾಲಿಕ್ ಕ್ಲ್ಯಾಂಪ್‌ಗೆ ಒತ್ತಡ ಉಳಿಸಿಡುವ ಅಕ್ಯುಮುಲೇಟರ್, ಚೆಕ್ ವಾಲ್ವ್ ಇದೆಯಾ ನೋಡಿಕೊಳ್ಳಿ. ಪಂಪ್ ಅಂತೂ ನಿಂತಿರುತ್ತದೆ.

ಮೇಂಟೆನೆನ್ಸ್ ಜಾಸ್ತಿ ಇಲ್ಲ. ಪ್ಯಾನೆಲ್ ಫಿಲ್ಟರ್ ಕ್ಲೀನ್ ಇರಲಿ, ಬಿಸಿಗೆ ಕೆಪಾಸಿಟರ್ ಬೇಗ ಸೊರಗುತ್ತದೆ. ಆಫ್ ಮಾಡಿದ ತಕ್ಷಣ ಡಿಸಿ ಬಸ್‌ಬಾರ್ ಹತ್ತಿರ ಕೈ ಹಾಕಬೇಡಿ. ಲೇಬಲ್‌ನಲ್ಲಿ ಬರೆದಷ್ಟು ಹೊತ್ತು ಕಾದು, ಮೀಟರ್ ಹಿಡಿದು ನೋಡಿಯೇ ಮುಟ್ಟಿ.

ಒಂದೇ ಸ್ಪಿಂಡಲ್‌ನ ಸಾದಾ ಟರ್ನಿಂಗ್ ಸೆಂಟರ್‌ಗೆ ಇಷ್ಟೆಲ್ಲ ಖರ್ಚು ನನ್ನ ಪ್ರಕಾರ ದಂಡ. ಹಾಬಿಂಗ್, ಗೇರ್ ಗ್ರೈಂಡಿಂಗ್ ಮಾಡುವವರು ತಗೊಳ್ಳಲಿ. ತಗೊಳ್ಳುವಾಗ ಕೊನೇ ಪೇಮೆಂಟ್ ಕೊಡುವ ಮೊದಲು ಒಂದು ಕೆಲಸ ಮಾಡಿಸಿ: ಹಾಬ್ ಗಾಳಿಯಲ್ಲಿ ತಿರುಗುತ್ತಿರುವಾಗ ಮೇನ್ ಐಸೊಲೇಟರ್ ಇಳಿಸಿ, ಡಿಸಿ ಲಿಂಕ್ ವೋಲ್ಟೇಜ್, ಹಾಬ್ ಮತ್ತು ಟೇಬಲ್ ಸ್ಪೀಡ್, ಎಕ್ಸ್ ಪೊಸಿಷನ್ ನಾಲ್ಕನ್ನೂ ಒಂದೇ ಟ್ರೇಸ್‌ನಲ್ಲಿ (ಗ್ರಾಫ್‌ನಲ್ಲಿ) ಹಿಡಿದು ತೋರಿಸಲಿ. ಆಮೇಲೆ ಒಂದೇ ಫೇಸ್ ತೆಗೆದೂ ತೋರಿಸಲಿ. ಲೋಡ್ ಕಮ್ಮಿ ಇದ್ದಾಗ ಒಂದು ಫೇಸ್ ಹೋದರೂ ಡಿಸಿ ಲಿಂಕ್ ಅಷ್ಟು ಬೇಗ ಇಳಿಯುವುದಿಲ್ಲ, ಎಷ್ಟೋ ಸೆಟ್ಟಿಂಗ್ ಸಿಕ್ಕಿಬೀಳುವುದು ಅಲ್ಲೇ.