ಶಿವಮೊಗ್ಗದಲ್ಲಿ ಹಿಲ್ಸಾ: ಮೀನಿಗೆ ಪೂರ್ತಿ ಅಂಕ, ಚೀಟಿಗೆ ಸೊನ್ನೆ

ಬಂಗಾಳದವರ ಅಚ್ಚುಮೆಚ್ಚಿನ ಹಿಲ್ಸಾ ಮೀನು ತಿನ್ನೋಕೆ ಇನ್ನು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಶಿವಮೊಗ್ಗದಲ್ಲೇ ಒಂದು ಮೀನಂಗಡಿಯವರು ತರಿಸುತ್ತಿದ್ದಾರೆ. ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆ ರಾತ್ರಿ ಬಸ್ಸಿಗೆ ಬರುತ್ತೆ, ಬೆಳಿಗ್ಗೆ ಫ್ರೀಜರ್ ಸೇರುತ್ತೆ. ಕಿಲೋಗೆ 1,600 ರೂಪಾಯಿ. ಬಂಗುಡೆ, ಭೂತಾಯಿ ರೇಟು ಗೊತ್ತಿರುವ ಯಾರಿಗಾದರೂ ಎದೆ ಧಸಕ್ ಅನ್ನುತ್ತೆ. ಆದರೂ ಒಂದು ಸಲ ತಿನ್ನಲೇಬೇಕಾದ ಮೀನು. ಅಂಗಡಿ ಹೆಸರು ಹಾಕುತ್ತಿಲ್ಲ. ನನ್ನದೊಂದು ದೂರಿದೆ, ಅದನ್ನು ಅವರ ಮುಖಕ್ಕೇ ಹೇಳಿ ಆಗಿದೆ.

ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು, ಈಗ ತೀರ್ಥಹಳ್ಳಿ ಹತ್ತಿರ ತೋಟದ ಕೆಳಗೆ ಹೊಂಡ ಮಾಡಿ ಕಾಟ್ಲಾ, ರೋಹು ಸಾಕುತ್ತೇನೆ. ಹಾಗಾಗಿ ಮೀನು ಕೊಳ್ಳುವ ಮುಂಚೆ ಅದರ ಬಾಯಿ ಬಿಡಿಸಿ ನೋಡುವ ಚಟ. ಹಿಲ್ಸಾಕ್ಕೆ ಮೇಲ್ದವಡೆಯ ನಟ್ಟನಡುವೆ ಒಂದು ಕಚ್ಚು ಇರುತ್ತೆ, ಬೆರಳಾಡಿಸಿದರೆ ಸಿಗುತ್ತೆ. ಹೊಟ್ಟೆಯಡಿಯಲ್ಲಿ ಬಾಲದ ಕಡೆಯಿಂದ ತಲೆಯ ಕಡೆಗೆ ಕೈ ಸವರಿದರೆ ಗರಗಸದ ಹಾಗೆ ಗೀರುತ್ತೆ. ನಮ್ಮ ಕರಾವಳಿಯಲ್ಲಿ ಇದರ ದಾಯಾದಿ ಒಂದು ಸಣ್ಣ ಜಾತಿ ಇದೆ, ಮೈ ಪಕ್ಕದಲ್ಲಿ ಕಪ್ಪು ಚುಕ್ಕಿ ಸಾಲು. ಆದರೆ ಹಿಲ್ಸಾ ಮರಿಗಳಿಗೂ ಚುಕ್ಕಿ ಇರುವುದರಿಂದ ಚುಕ್ಕಿಯೊಂದನ್ನೇ ನೋಡಿ ಮೋಸ ಅಂತ ಜಗಳಕ್ಕೆ ನಿಲ್ಲಬೇಡಿ. ನನಗೆ ಸಿಕ್ಕಿದ್ದು ಒಂದು ಕಿಲೋ ಹತ್ತಿರದ ಅಸಲಿ ಮಾಲು. ಕಣ್ಣು ಗುಳಿ ಬಿದ್ದಿರಲಿಲ್ಲ, ಹುರುಪೆ ಉದುರಿರಲಿಲ್ಲ. ಮೀನಿನ ಗುಣಮಟ್ಟದ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ.

ಕತ್ತರಿಸುವ ವಿಷಯದಲ್ಲಿ ಮಾತ್ರ ಪಕ್ಕದಲ್ಲೇ ನಿಂತಿರಿ. ಇಲ್ಲಿನ ಹುಡುಗರು ಎಲ್ಲ ಮೀನನ್ನೂ ತುಂಡು ಮಾಡಿದ ಮೇಲೆ ನಲ್ಲಿ ಕೆಳಗೆ ಹಿಡಿದು ಉಜ್ಜಿ ತೊಳೆಯುತ್ತಾರೆ. ಹಿಲ್ಸಾ ರುಚಿಯೆಲ್ಲ ಅದರ ಎಣ್ಣೆಯಲ್ಲಿ. ಬಂಗಾಳದವರು ಇಡೀ ಮೀನನ್ನು ತೊಳೆದು ಆಮೇಲೆ ಕತ್ತರಿಸುತ್ತಾರೆ, ತುಂಡಿಗೆ ನೀರು ಸೋಕಿಸುವುದಿಲ್ಲ. ಹಾಗೇ ಮಾಡು ಅಂದಿದ್ದಕ್ಕೆ ಹುಡುಗ, "ತೊಳೀದೆ ಕೊಟ್ರೆ ಎಲ್ರೂ ಬೈತಾರೆ ಮೇಡಂ" ಅಂದ. "ನಾ ಬೈಯಲ್ಲ ಮಾರಾಯ, ಕೊಡು" ಅಂದೆ. ಕೊಟ್ಟ.

ಮನೆಯಲ್ಲಿ ಅರ್ಧ ಮೀನನ್ನು ಅತ್ತೆ ತಮ್ಮ ಪದ್ಧತಿಯಂತೆ ತೆಂಗಿನಕಾಯಿ, ಮುರುಗನ ಹುಳಿ ಹಾಕಿ ಸಾರು ಮಾಡಿದರು, ಜೊತೆಗೆ ಕಡುಬು. ಸಾರು ಚೆನ್ನಾಗಿತ್ತು, ಆದರೆ ಅಷ್ಟು ಕಾಯಿ ಹಾಕಿದರೆ ಬಂಗುಡೆಯೂ ಚೆನ್ನಾಗಿರುತ್ತೆ. ಉಳಿದರ್ಧಕ್ಕೆ ನಾನು ಅರಿಶಿನ, ಉಪ್ಪು ಸವರಿ, ಸಾಸಿವೆ, ಹಸಿಮೆಣಸು ಅರೆದು ಹಚ್ಚಿ ಹಬೆಯಲ್ಲಿ ಬೇಯಿಸಿದೆ. ಪಾತ್ರೆ ತಳದಲ್ಲಿ ಹೊನ್ನಿನ ಬಣ್ಣದ ಎಣ್ಣೆ ತಾನಾಗೇ ಬಿಟ್ಟುಕೊಂಡಿತ್ತು. ಅದನ್ನು ಬಿಸಿ ಅನ್ನಕ್ಕೆ ಸುರಿದುಕೊಂಡ ಅತ್ತೆ ಆಮೇಲೆ ಸಾರಿನ ಸುದ್ದಿ ಎತ್ತಲಿಲ್ಲ. ಮುಳ್ಳು ಮಾತ್ರ ಕೂದಲಿನಷ್ಟು ಸಣ್ಣ, ಅದೂ ಮಾಂಸದ ಒಳಗೊಳಗೇ. ಮಕ್ಕಳಿಗೆ ಬಿಡಿಸಿ ಕೊಡುವಷ್ಟರಲ್ಲಿ ನಿಮ್ಮ ಊಟ ಆರಿಹೋಗುತ್ತೆ.

ಈಗ ದೂರು. ಪೊಟ್ಟಣದ ಮೇಲೆ ಅಂಟಿಸಿದ ಚೀಟಿಯಲ್ಲಿ ತೂಕ, ಬೆಲೆ ಬಿಟ್ಟರೆ ಏನೂ ಇಲ್ಲ. ಸಮುದ್ರದಲ್ಲಿ ಹಿಡಿದದ್ದೋ ಹೊಳೆಯದ್ದೋ, ಯಾವ ರಾಜ್ಯದ್ದು, ಯಾವ ತಿಂಗಳಿನದ್ದು, ಕೇಳಿದರೆ "ಕೋಲ್ಕತ್ತಾ ಮಾಲು" ಅನ್ನುವುದೊಂದೇ ಉತ್ತರ. ಬೇರೆ ಮೀನಿಗಾದರೆ ಇಷ್ಟು ಕೆದಕುತ್ತಿರಲಿಲ್ಲ. ಹಿಲ್ಸಾ ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡೋಕೆ ಹೊಳೆ ಹತ್ತುವ ಮೀನು. ಗಂಗೆಯಲ್ಲಿ ಒಂದು ಕಾಲಕ್ಕೆ ಅಲಹಾಬಾದ್ ದಾಟಿ ಹೋಗುತ್ತಿತ್ತು. 1975ರಲ್ಲಿ ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಅಡ್ಡ ಕಟ್ಟಿದ ಫರಕ್ಕಾ ಬ್ಯಾರೇಜ್ ಶುರುವಾದ ಮೇಲೆ ಅದರ ಮೇಲ್ಗಡೆಯ ಊರಿನವರ ಬಲೆಗೆ ಬೀಳುವುದು ಹೆಚ್ಚುಕಡಿಮೆ ನಿಂತೇಹೋಯಿತು. ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಈಗ ಬೆಳೆದ ಹಿಲ್ಸಾಗಳನ್ನು ಬ್ಯಾರೇಜಿನ ಮೇಲ್ಗಡೆಗೆ ಒಯ್ದು ಬಿಡುತ್ತಿದ್ದಾರೆ, ಕೆಲವಕ್ಕೆ ಗುರುತಿನ ಟ್ಯಾಗ್ ಕೂಡ ಹಾಕಿ. ಆ ಟ್ಯಾಗ್ ಮೀನು ಯಾವುದಾದರೂ ಬೆಸ್ತರ ಬಲೆಗೆ ಬಿದ್ದು, ಅವರು ಸುದ್ದಿ ಮುಟ್ಟಿಸಿದರೆ ಮಾತ್ರ ಅದು ಎಷ್ಟು ದೂರ ಈಜಿತು ಅಂತ ಗೊತ್ತಾಗುವುದು. ಗೋದಾವರಿಯಲ್ಲಿ ಇದೇ ಮೀನು ಪುಲಸ, ಅದಕ್ಕೂ ಧವಳೇಶ್ವರದ ಕಟ್ಟೆ ಅಡ್ಡ. ಅಮೆರಿಕದ ಕನೆಕ್ಟಿಕಟ್ ನದಿಯ ಹೋಲಿಯೋಕ್ ಅಣೆಕಟ್ಟಿನಲ್ಲಿ ಇದರ ನೆಂಟ ಶಾಡ್ ಮೀನನ್ನು 1955ರಿಂದ ಲಿಫ್ಟಿನಲ್ಲಿ ಎತ್ತಿ ದಾಟಿಸುತ್ತಾರೆ, ದಾಟಿದ್ದನ್ನು ಎಣಿಸಿ ಬರೆದಿಡುತ್ತಾರೆ. ನಮ್ಮ ದೇಶದಲ್ಲಿ ಮೀನು ಎಲ್ಲಿವರೆಗೆ ಹೋಯಿತು ಅನ್ನುವ ಲೆಕ್ಕ ಸಿಗಬೇಕಾದರೆ ಬಲೆಯಿಂದ, ಮಾರುಕಟ್ಟೆಯಿಂದಲೇ ಸಿಗಬೇಕು. ಆ ಮಾಹಿತಿ ಕೋಲ್ಕತ್ತಾದಲ್ಲೇ ಕಳೆದುಹೋಗಿ ಇಲ್ಲಿಗೆ ಬರೀ ತೂಕ ಬಂದು ಮುಟ್ಟುತ್ತೆ.

ಇನ್ನೊಂದು ಸಲ ಹೋದಾಗ ಫ್ರೀಜರ್ ಮೂಲೆಯಲ್ಲಿ "ಚಿಕ್ಕ ಹಿಲ್ಸಾ, 600" ಅಂತ ಬರೆದ ಟ್ರೇ ಇತ್ತು. ಗೇಣು ಹಾಕಿ ನೋಡಿದೆ. ಒಂದು ಗೇಣಿಗೂ ಕಡಿಮೆ, ಇನ್ನೂ ಒಂದು ಸಲವೂ ಮೊಟ್ಟೆಯಿಡದ ಮರಿಗಳು. ಪಶ್ಚಿಮ ಬಂಗಾಳದಲ್ಲಿ 23 ಸೆಂಟಿಮೀಟರಿಗಿಂತ ಚಿಕ್ಕದನ್ನು ಹಿಡಿಯುವುದೂ ಮಾರುವುದೂ ನಿಷೇಧ. ಬಾಂಗ್ಲಾದೇಶದಲ್ಲಿ 25 ಸೆಂಟಿಮೀಟರಿನ ಒಳಗಿನದಕ್ಕೆ ನವೆಂಬರಿನಿಂದ ಜೂನ್ ಕೊನೆವರೆಗೆ ತಡೆ, ಅದರ ಮೇಲೆ ಅಕ್ಟೋಬರ್ ಸುಮಾರಿಗೆ ಮೊಟ್ಟೆಯಿಡುವ ಹೊತ್ತಿನಲ್ಲಿ 22 ದಿನ ಹಿಲ್ಸಾ ಬೇಟೆಯೇ ಬಂದ್. ಮಾಲೀಕರಿಗೆ ಇಷ್ಟೂ ಹೇಳಿದೆ. "ಅಕ್ಕಾ, ದೊಡ್ಡದು ತಗೊಳೋರು ತಿಂಗಳಿಗೆ ನಾಲ್ಕು ಜನ. ಇದು ಸಂಜೆಯೊಳಗೆ ಖಾಲಿ" ಅಂದರು. ಸುಳ್ಳಲ್ಲ. ನಾನೂ ಜಾಸ್ತಿ ದಬಾಯಿಸಲಿಲ್ಲ, ಯಾಕೆಂದರೆ ಮುಂಗಾರಿನ ಮೊದಲ ಮಳೆಗೆ ಹಳ್ಳ ಹತ್ತಿ ಬರುವ ಹತ್ತುಮೀನು ಕಡಿಯೋಕೆ ಬ್ಯಾಟರಿ, ಕತ್ತಿ ಹಿಡಿದು ಹಳ್ಳಕ್ಕಿಳಿಯುವ ನಮ್ಮೂರಿನವರು ತರುವುದೂ ಮೊಟ್ಟೆ ತುಂಬಿದ ಮೀನನ್ನೇ. ನಮ್ಮನೆಯ ಅಟ್ಟದಲ್ಲೂ ಅಂಥ ಮೀನು ಹಿಡಿಯುವ ಒಂದು ಕೂಣಿ ಇದೆ. ಆದರೆ ಆ ಟ್ರೇಗೆ ಮಾತ್ರ ನನ್ನ ದುಡ್ಡು ಹಾಕುವುದಿಲ್ಲ.

ಒಟ್ಟು ಐದಕ್ಕೆ ಮೂರು. ಚೀಟಿಯಲ್ಲಿ ಹಿಡಿದ ಜಾಗ, ತಿಂಗಳು ಎರಡೇ ಸಾಲು ಬರೆದರೆ ನಾಲ್ಕು ಕೊಡುತ್ತೇನೆ, ಮರಿ ಮಾರುವುದು ಬಿಟ್ಟರೆ ಐದು. ಹೋಗುವವರು ಮುಕ್ಕಾಲು ಕಿಲೋ ಮೇಲಿನ ಇಡೀ ಮೀನನ್ನೇ ಕೇಳಿ. ಹೊಟ್ಟೆ ಉಬ್ಬಿದ್ದರೆ ಮೊಟ್ಟೆ ಇದೆ ಅಂತ ಲೆಕ್ಕ, ಅಂಥದರಲ್ಲಿ ಮಾಂಸದ ಎಣ್ಣೆ ಕಡಿಮೆ, ಬೇರೆಯದನ್ನು ತೆಗೆಸಿ. ಭಾನುವಾರವಾದರೆ ಹತ್ತು ಗಂಟೆಯೊಳಗೆ ಹೋಗಿ. ಆಮೇಲೆ ಕೋಳಿ ಕೊಳ್ಳುವವರ ಸಾಲಿನಲ್ಲಿ ನಿಮ್ಮನ್ನು ಕೇಳುವವರೇ ಇರುವುದಿಲ್ಲ.